ಆನೆಯ ಮೇಲಿನ ಅರಸ, ಆನೆಯ ಮಾವುತ

ಶಿವರಾತ್ರಿ ಬಂತೆಂದರೆ ಅಜ್ಜ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಅಕಿವಾಟದಿಂದ ಖಿದ್ರಾಪುರಕ್ಕೆ ಹೊರಡುತ್ತಿದ್ದರು. ಕೋಪೇಶ್ವರ ಗುಡಿಯ ತಳದಲ್ಲಿ ಕಲ್ಲಾನೆಗಳ ಸಾಲಿದೆ. ಇಡೀ ಗುಡಿಯನ್ನೇ ಅವು ಹೊತ್ತು ನಿಂತಂತೆ ಕಾಣುತ್ತವೆ. ನಾನು ಅವುಗಳನ್ನು ಸವರುತ್ತ ಪ್ರದಕ್ಷಿಣೆ ಹಾಕುತ್ತಿದ್ದೆ. ಸೈನ್ಯದಿಂದ ನಿವೃತ್ತರಾಗಿದ್ದ ಅಜ್ಜ ಕೃಷ್ಣೆಯತ್ತ ಮುಖಮಾಡಿ ಮೌನವಾಗಿ ಕುಳಿತಿರುತ್ತಿದ್ದರು. ಮರಳುವಾಗ ಸೈನಿಕ ಟಾಕಳಿಯ ಒಂದು ಮನೆಯ ಮುಂದೆ ಇಳಿದು, ಅಲ್ಲಿಯ ಮುದುಕಿಯ ಕೈಗೆ ಪ್ರಸಾದದ ತೆಂಗಿನಕಾಯಿ ಕೊಡುತ್ತಿದ್ದರು. ಆಕೆ ಯಾರೆಂದು ನಾನು ಕೇಳಲಿಲ್ಲ.

ಆ ಹೊಳೆಯ ದಂಡೆಗೆ ಮಹಾಯುದ್ಧವೊಂದರ ನಂಟಿದೆಯೆಂದು ತಿಳಿದದ್ದು ಕಾಲೇಜು ಸೇರಿದ ಮೇಲೆ. 1054ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಆಹವಮಲ್ಲ ಸೋಮೇಶ್ವರನಿಗೂ ಚೋಳ ರಾಜಾಧಿರಾಜನಿಗೂ ಕೊಪ್ಪಂ ಎಂಬಲ್ಲಿ ಘೋರ ಕಾಳಗ ನಡೆಯಿತು. ರಾಜಾಧಿರಾಜನ ತಂದೆ ರಾಜೇಂದ್ರ 1025ರಲ್ಲಿ ಕಡಲಾಚೆಯ ಶ್ರೀವಿಜಯದ ಮೇಲೆ ಹಡಗುಪಡೆ ಕಳುಹಿಸಿದವನು. ಮಗನೋ ಹಿಂದೊಮ್ಮೆ ಕಲ್ಯಾಣವನ್ನೇ ಸುಟ್ಟು ಅಲ್ಲಿಯ ದ್ವಾರಪಾಲಕ ವಿಗ್ರಹವನ್ನು ತಮಿಳು ನಾಡಿಗೆ ಒಯ್ದವನು. ಕಡಲನ್ನು ಗೆದ್ದ ಮನೆತನದ ಆ ಅರಸ ಹೊಳೆಯ ದಂಡೆಯಲ್ಲಿ ಆನೆಯ ಮೇಲೆಯೇ ಮಡಿದ. ಅವನ ತಮ್ಮ ಎರಡನೆಯ ರಾಜೇಂದ್ರ ರಣರಂಗದಲ್ಲೇ ಪಟ್ಟ ಕಟ್ಟಿಕೊಂಡು ಯುದ್ಧ ಮುಂದುವರಿಸಿದ.

ಚೋಳರ ಶಾಸನಗಳು ಗೆಲುವು ತಮ್ಮದೆನ್ನುತ್ತವೆ. ಕೊಲ್ಲಾಪುರದಲ್ಲಿ ಜಯಸ್ತಂಭ ನೆಟ್ಟ ಮಾತನ್ನೂ ಹೇಳುತ್ತವೆ. ಬಸದಿಗಳನ್ನು ಸುಟ್ಟ ಚೋಳ ಸೋಮೇಶ್ವರನ ಕೈಯಲ್ಲಿ ಹತನಾದನೆಂದು ಅಣ್ಣಿಗೇರಿಯ ಕನ್ನಡ ಶಾಸನ ಹೇಳುತ್ತದೆ. ಕೊಪ್ಪಂ ಇದ್ದದ್ದು ‘ದೊಡ್ಡ ಹೊಳೆ’ಯ ದಂಡೆಯಲ್ಲಂತೆ. ಹಳಗನ್ನಡದಲ್ಲಿ ಕೃಷ್ಣೆಗೆ ‘ಪೆರ್ದೊರೆ’ ಎಂದೇ ಹೆಸರು. ಹೀಗಾಗಿ ಕೊಪ್ಪಂ ನಮ್ಮ ಖಿದ್ರಾಪುರವೇ ಎಂದವರುಂಟು. ಹಿರೇಹಳ್ಳದ ಸನಿಹದ ಕೊಪ್ಪಳವೆಂದವರೂ ಉಂಟು.

ಇದನ್ನೆಲ್ಲ ಓದಿ ಉಬ್ಬಿದ ನಾನು ಅಜ್ಜನೆದುರು, “ಅಜ್ಜಾ, ಗೆದ್ದಾವರು ನಮ್ಮವರ!” ಎಂದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅರಸ ಆನಿ ಮ್ಯಾಲೆ ಸತ್ತ ಅಂತಿ. ಆ ಆನಿ ಮಾವುತ ಏನಾದ? ಅದನ್ನೇನರೆ ಬರದಾರೇನು?”

ನಾನು ಓದಿದ ಪುಟಗಳಲ್ಲಿ ಮಾವುತನಿರಲಿಲ್ಲ. ಮತ್ತೆ ಪುಸ್ತಕ ತೆರೆದು ಹುಡುಕಿದೆ, ಸಿಗಲಿಲ್ಲ. ತುರುಗಳನ್ನು ಕಾಯಲು ಹೋಗಿ ಸತ್ತ ಊರಾಳಿನ ಹೆಸರನ್ನೂ ಉಳಿಸಿಕೊಂಡ ವೀರಗಲ್ಲುಗಳು ಕನ್ನಡ ನಾಡಿನಲ್ಲಿವೆ. ಅರಸರ ಪ್ರಶಸ್ತಿಗಳಿಗಿಂತ ಆ ಗಿಡ್ಡ ಕಲ್ಲುಗಳು ನನಗೆ ಹತ್ತಿರವಾದದ್ದು ಆ ಪ್ರಶ್ನೆಯ ನಂತರ.

ಟಾಕಳಿಯ ಮುದುಕಿ ಯಾರೆಂಬುದನ್ನು ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಹೇಳಿದರು. 1965ರ ಯುದ್ಧದಲ್ಲಿ ಅಜ್ಜನ ಪಕ್ಕದಲ್ಲೇ ಬಿದ್ದ ಗೆಳೆಯನ ತಾಯಿ ಆಕೆ. ಆ ಯುದ್ಧದಲ್ಲಿ ಗೆದ್ದವರು ಯಾರೆಂದು ಅಜ್ಜ ಒಮ್ಮೆಯೂ ಮಾತೆತ್ತಿದವರಲ್ಲ.

ಈಗಲೂ ಶಿವರಾತ್ರಿಗೆ ಖಿದ್ರಾಪುರಕ್ಕೆ ಹೋಗುತ್ತೇನೆ. ಆ ತಾಯಿಯೂ ಇಂದು ಇಲ್ಲ. ಆದರೂ ಮರಳುವ ದಾರಿಯಲ್ಲಿ ಟಾಕಳಿಯ ಆ ಮನೆಯ ಮುಂದೆ ಇಳಿಯುತ್ತೇನೆ. ಅವರ ಮೊಮ್ಮಕ್ಕಳ ಕೈಗೆ ತೆಂಗಿನಕಾಯಿ ಕೊಟ್ಟು ಬರುತ್ತೇನೆ.