ಕೈಯಿದ್ದಲ್ಲಿ ಬ್ರೇಕಿಲ್ಲ

ಟೈಮ್ ಟ್ರಯಲ್ ಸೈಕಲ್ಲಿನಲ್ಲಿ ಕೈಯಿದ್ದಲ್ಲಿ ಬ್ರೇಕು ಇರುವುದಿಲ್ಲ. ಇದು ಲೋಪವಲ್ಲ, ಅದರ ರಚನೆಯೇ ಹಾಗೆ. ಮುಂದಕ್ಕೆ ಚಾಚಿದ ಎರಡು ಕೊಳವೆಗಳು, ಅವುಗಳ ಬುಡದಲ್ಲಿ ಮೊಣಕೈ ಊರಲು ಎರಡು ಮೆತ್ತೆಗಳು, ತುದಿಯಲ್ಲಿ ಗೇರು ಬದಲಿಸುವ ಸಣ್ಣ ಕಡ್ಡಿಗಳು. ಇದು ಏರೋ ಬಾರ್. ಅದರ ಕೆಳಗೆ ಎತ್ತಿನ ಕೊಂಬಿನಂತೆ ಎರಡೂ ಕಡೆ ಚಾಚಿರುವುದು ಬೇಸ್ ಬಾರ್. ಬ್ರೇಕಿನ ಹಿಡಿಗಳು ಅಲ್ಲಿವೆ. ವೇಗವಾಗಿ ಹೋಗುವಾಗ ಸವಾರಳ ಬೆರಳುಗಳಿಗೆ ಸಿಗುವುದು ಇನ್ನೂ ವೇಗವಾಗಿ ಹೋಗುವ ಸಾಧನ ಮಾತ್ರ. ನಿಲ್ಲಬೇಕೆಂದರೆ ಮೊಣಕೈ ಎತ್ತಿ, ಮೈ ಎತ್ತಿ, ಕೈಯನ್ನು ಇನ್ನೊಂದು ಕಡೆಗೆ ಒಯ್ಯಬೇಕು.

ಅಂಥ ಹ್ಯಾಂಡಲ್ಲನ್ನು ಕಳೆದ ದೀಪಾವಳಿ ರಜೆಯಲ್ಲಿ ನನ್ನ ತಂಗಿಯ ಸೈಕಲ್ಲಿಗೆ ಕೂರಿಸಿದವಳು ನಾನು. ಬಾಗಲಕೋಟೆ ಜಿಲ್ಲೆಯ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ದಿನದ ಕೆಲಸ. ಅವಳಿಗೆ ಹದಿನೇಳು. ಬಾಗಲಕೋಟೆ, ವಿಜಯಪುರದ ಕಡೆ ಹುಡುಗಿಯೊಬ್ಬಳು ರೇಸಿಂಗ್ ಸೈಕಲ್ ತುಳಿಯುತ್ತಾಳೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ದಶಕಗಳಿಂದ ರಾಜ್ಯಕ್ಕೆ ಸೈಕ್ಲಿಸ್ಟುಗಳನ್ನು ಕೊಟ್ಟ ನೆಲ ಇದು. ಆದರೆ ಆಯ್ಕೆ ಸ್ಪರ್ಧೆಗೆ ಮಾಮೂಲಿ ಹ್ಯಾಂಡಲ್ಲಿನಲ್ಲಿ ಹೋಗುವುದಕ್ಕೂ ಏರೋ ಬಾರಿನಲ್ಲಿ ಹೋಗುವುದಕ್ಕೂ ವ್ಯತ್ಯಾಸವಿದೆ. ಬೆಂಗಳೂರಿನ ಟ್ರಯಾತ್ಲಾನ್ ಪಟು ಒಬ್ಬರು ಬಳಸಿ ಬಿಟ್ಟ ಅಲ್ಯುಮಿನಿಯಂ ಬಾರುಗಳನ್ನು ನನ್ನ ಫೆಲೋಶಿಪ್ಪಿನ ಒಂಬತ್ತು ಸಾವಿರ ಕೊಟ್ಟು ತಂದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಅವ್ವ ಕೇಳಿದ್ದು, "ಇದಕ್ಕ ಬ್ರೇಕ್ ಎಲ್ಲಿ ಅದಾವ?"

ವ್ಯತ್ಯಾಸ ಎಷ್ಟು ಎನ್ನುವುದಕ್ಕೆ ಸೈಕ್ಲಿಂಗ್ ಜಗತ್ತು ಕೊಡುವ ಸಾಕ್ಷಿ 1989ರ ಟೂರ್ ಡಿ ಫ್ರಾನ್ಸ್. ಕೊನೆಯ ದಿನ ವರ್ಸೈನಿಂದ ಪ್ಯಾರಿಸಿಗೆ 24.5 ಕಿಲೋಮೀಟರಿನ ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್, ಫ್ರಾನ್ಸಿನ ಲಾರಾಂ ಫಿನ್ಯೋಗಿಂತ 50 ಸೆಕೆಂಡು ಹಿಂದಿದ್ದ. ಲೆಮಾಂಡನ ಸೈಕಲ್ಲಿಗೆ ಟ್ರಯಾತ್ಲಾನಿನವರು ಬಳಸುತ್ತಿದ್ದ ಏರೋ ಬಾರ್ ಇತ್ತು. ಅದನ್ನು ರೂಪಿಸಿದ ಬೂನ್ ಲೆನನ್ ಹಿಮದ ಮೇಲೆ ಸ್ಕೀ ಮಾಡುವವರ ತರಬೇತುದಾರ. ಇಳಿಜಾರಿನಲ್ಲಿ ಅವರು ಮುದುಡಿಕೊಳ್ಳುವ ಭಂಗಿಯನ್ನೇ ಸೈಕಲ್ಲಿಗೆ ತಂದವನು. ಫಿನ್ಯೋ ಮಾಮೂಲಿ ಭಂಗಿಯಲ್ಲಿ, ಹೆಲ್ಮೆಟ್ಟಿಲ್ಲದೆ, ಜುಟ್ಟನ್ನು ಗಾಳಿಗೆ ಬಿಟ್ಟು ಹೊರಟ. ಮೂರು ವಾರಗಳ ಆ ಸ್ಪರ್ಧೆಯನ್ನು ಲೆಮಾಂಡ್ ಗೆದ್ದದ್ದು 8 ಸೆಕೆಂಡುಗಳಿಂದ. ಅದನ್ನೆಲ್ಲ ಹ್ಯಾಂಡಲ್ಲಿನ ಖಾತೆಗೇ ಬರೆಯುವುದು ಅನ್ಯಾಯ, ಆತ ತುಳಿದೂ ಇದ್ದ. ಆದರೂ ಆಮೇಲೆ ಟೈಮ್ ಟ್ರಯಲಿಗೆ ಏರೋ ಬಾರ್ ಇಲ್ಲದೆ ಬರುವವರು ಬಹುತೇಕ ಇಲ್ಲವಾದರು.

ಗಾಳಿಯ ಲೆಕ್ಕ ನಿರ್ದಯವಾದದ್ದು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಗಂಟೆಗೆ 40 ಕಿ.ಮೀ. ಹೋಗುವವಳು 44ಕ್ಕೆ ಏರಬೇಕಾದರೆ, ಅಂದರೆ ಹತ್ತು ಪರ್ಸೆಂಟ್ ವೇಗ ಹೆಚ್ಚಿಸಬೇಕಾದರೆ, ಗಾಳಿಗೆ ತೆರಬೇಕಾದ ಶಕ್ತಿ ಸುಮಾರು 33 ಪರ್ಸೆಂಟ್ ಹೆಚ್ಚು. ಹದಿನೇಳರ ಕಾಲುಗಳು ಅದನ್ನು ಎಲ್ಲಿಂದ ತರಬೇಕು? ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಸೈಕಲ್ಲಿಗಿಂತ ಸವಾರಳ ಮೈಯದೇ ದೊಡ್ಡ ಪಾಲು. ಆದ್ದರಿಂದ ಮೈಯನ್ನೇ ಸಣ್ಣದು ಮಾಡಿಕೊಳ್ಳಬೇಕು.

ಬಾರನ್ನು ಕೂರಿಸುವುದು ಸುಲಭದ ಭಾಗ. ಬೋಲ್ಟುಗಳ ಪಕ್ಕದಲ್ಲೇ 5 ನ್ಯೂಟನ್ ಮೀಟರ್ ಎಂದು ಕೊರೆದಿದ್ದರು. ಗೆಳತಿಯೊಬ್ಬಳಿಂದ ಟಾರ್ಕ್ ರೆಂಚ್ ಕಡ ತಂದು ಅಷ್ಟಕ್ಕೇ ಬಿಗಿದೆ. ಕಷ್ಟವಾದದ್ದು ಅಳತೆ. ಆ ಬಾರು ಆರಡಿಯ ಗಂಡಸಿನ ಮೈಗೆ ಹೊಂದಿಸಿದ್ದು. ಮೆತ್ತೆಗಳು ಅವಳ ಭುಜಗಳಿಗಿಂತ ಅಗಲಕ್ಕೆ ಕೂತಿದ್ದವು, ಕೊಳವೆಗಳು ಎಷ್ಟು ಉದ್ದವೆಂದರೆ ಗೇರಿನ ಕಡ್ಡಿ ಮುಟ್ಟಲು ಅವಳು ಸೀಟಿನಿಂದ ಜಾರಬೇಕಿತ್ತು. ಗೋಡೆಗೆ ಸೈಕಲ್ ಒರಗಿಸಿ, ಅವಳನ್ನು ಕೂರಿಸಿ, ಪಕ್ಕದಿಂದ ಫೋಟೋ ತೆಗೆದು ನೋಡಿದೆ. ಮತ್ತೆ ಕೂರಿಸಿದೆ. ಕೊಳವೆಗಳ ಹಿಂತುದಿಯನ್ನು ನಾಲ್ಕು ಸೆಂಟಿಮೀಟರ್ ಕತ್ತರಿಸುವುದು ಎಂದಾಯಿತು. ಕತ್ತರಿಸಿದ ಅಲ್ಯುಮಿನಿಯಂ ಮತ್ತೆ ಬೆಳೆಯುವುದಿಲ್ಲ, ಹುಡುಗಿ ಬೆಳೆಯುತ್ತಾಳೆ. ಅದಕ್ಕೇ ಮೂರಕ್ಕೆ ನಿಲ್ಲಿಸಿದೆ.

ಇನ್ನು ಕೇಬಲ್. ನನ್ನ ಪಿಎಚ್‌ಡಿ ಇರುವುದು ಸೈಕಲ್ ಅಂಗಡಿ, ಗ್ಯಾರೇಜು, ವೆಲ್ಡಿಂಗ್ ಶೆಡ್ಡುಗಳಲ್ಲಿ ಬಳಕೆಯಾಗುವ ಕನ್ನಡದ ಮೇಲೆ. ಗೈಡ್ ಕೇಳಿದರೆ ಈ ಮೂರು ದಿನಗಳನ್ನೂ ಕ್ಷೇತ್ರಕಾರ್ಯ ಎನ್ನುವವಳಿದ್ದೆ. ಪೆಡಲ್ಲನ್ನು ಪೆಂಡಲ್ ಮಾಡಿ, ಸೊಟ್ಟಗಾದ ಚಕ್ರವನ್ನು ನೆಟ್ಟಗೆ ಮಾಡುವುದಕ್ಕೆ 'ಬೆಂಡ್ ತೆಗೆಯೋದು' ಎನ್ನುವ ನಮ್ಮ ಮೇಸ್ತ್ರಿಗಳು ಕೇಬಲ್ಲಿಗೆ ಎರಡೇ ಪದ ಇಟ್ಟುಕೊಂಡಿದ್ದಾರೆ: ಇನ್ನರ್, ಔಟರ್. ಇನ್ನರ್ ಎಂದರೆ ಒಳಗಿನ ಉಕ್ಕಿನ ತಂತಿ, ಔಟರ್ ಎಂದರೆ ಅದರ ಹೊರಕವಚ. ನಾವು ಹಿಡಿ ಒತ್ತಿದಾಗ ತಂತಿ ಎಳೆಯುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ತಂತಿ ಎಷ್ಟು ಎಳೆಯುತ್ತದೋ ಕವಚ ಅಷ್ಟೇ ಬಲವಾಗಿ ಒತ್ತಿಸಿಕೊಂಡು ನಿಲ್ಲುತ್ತದೆ, ಆದರೆ ಅದು ಕಾಣುವುದಿಲ್ಲ. ಕವಚ ಕುಗ್ಗಿದರೆ ತಂತಿಯ ಎಳೆತವೆಲ್ಲ ಅಲ್ಲೇ ಸೋರಿಹೋಗುತ್ತದೆ.

ಕವಚಗಳಲ್ಲೂ ಜಾತಿಗಳಿವೆ. ಬ್ರೇಕಿನದು ಸಾಮಾನ್ಯವಾಗಿ 5 ಮಿಲಿಮೀಟರ್ ದಪ್ಪ, ಒಳಗೆ ಉಕ್ಕಿನ ಪಟ್ಟಿ ಸ್ಪ್ರಿಂಗಿನ ಹಾಗೆ ಸುತ್ತಿರುತ್ತದೆ. ಗೇರಿನದು 4 ಮಿಲಿಮೀಟರ್, ಅದರಲ್ಲಿ ಉಕ್ಕಿನ ಎಳೆಗಳು ಉದ್ದಕ್ಕೆ ಮಲಗಿರುತ್ತವೆ. ಉದ್ದಕ್ಕೆ ಮಲಗಿದ ಎಳೆಗಳು ಕುಗ್ಗುವುದಿಲ್ಲ, ಹಾಗಾಗಿ ಗೇರು ಹಲ್ಲಿನಿಂದ ಹಲ್ಲಿಗೆ ಕರಾರುವಾಕ್ಕಾಗಿ ಹಾರುತ್ತದೆ. ಆದರೆ ಅದನ್ನು ಬ್ರೇಕಿಗೆ ಹಾಕಿದರೆ, ಗಾಬರಿಯಲ್ಲಿ ಜೋರಾಗಿ ಹಿಡಿದಾಗ ಎಳೆಗಳು ಪಕ್ಕಕ್ಕೆ ಸೀಳಿ ಹೊರಬರಬಹುದು. ಬ್ರೇಕು ಎಂದೂ ಕೈಕೊಡಬಾರದ ಕ್ಷಣ ಅದು. ಆ ಪೆಟ್ಟಿಗೆಯಲ್ಲಿ ಬಂದ ತುಂಡುಗಳನ್ನೆಲ್ಲ ತುದಿ ನೋಡಿ ಬೇರೆ ಬೇರೆ ಮಾಡಿದೆ. ಬ್ರೇಕಿಗೆ ಮಾತ್ರ ಹಳೆಯದು ಯಾವುದೂ ಬೇಡವೆಂದು ಇನ್ನರ್, ಔಟರ್ ಎರಡನ್ನೂ ಹೊಸದು ತಂದೆ.

ಈ ಹ್ಯಾಂಡಲ್ಲಿನಲ್ಲಿ ಕೇಬಲ್ಲುಗಳು ಬಾರಿನ ಹೊಟ್ಟೆಯೊಳಗೆ ಓಡಬೇಕು. ಹೊರಗಿದ್ದರೆ ಅವೂ ಗಾಳಿಗೆ ಅಡ್ಡ. ಸೈಕಲ್ಲಿನ ಫ್ರೇಮಿನಲ್ಲಿ ಹಳೆಯ ತಂತಿ ಇನ್ನೂ ಇತ್ತು. ಅದನ್ನು ಎಳೆದು ಹಾಕುವ ಮೊದಲು ಅದರ ಮೇಲೇ ತೆಳ್ಳನೆಯ ಪ್ಲಾಸ್ಟಿಕ್ ನಳಿಗೆಯನ್ನು ತೂರಿಸಿ ಆ ತುದಿಗೆ ಮುಟ್ಟಿಸಿದೆ. ತಂತಿ ಹೊರಬಂತು, ದಾರಿ ಒಳಗೇ ಉಳಿಯಿತು. ಬೇಸ್ ಬಾರಿನಲ್ಲಿ ಅಂಥ ದಾರಿ ಇರಲಿಲ್ಲ. ಹಿಡಿಯ ಬಳಿಯ ತೂತಿನಿಂದ ನಡುವಿನ ತೂತಿಗೆ, ಎರಡು ತಿರುವು ದಾಟಿ ಹೋಗಬೇಕು. ಅವ್ವನ ಸೂಜಿಗೆ ಗಟ್ಟಿ ದಾರ ಕಟ್ಟಿ ಒಳಗೆ ಬಿಟ್ಟೆ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ಬಾರಿನ ಹೊರಮೈ ಮೇಲೆ ಮೆಲ್ಲಗೆ ಸರಿಸುತ್ತ ಹೋದೆ. ಅಯಸ್ಕಾಂತದ ಮಟ್ಟಿಗೆ ಅಲ್ಯುಮಿನಿಯಂ ಇದ್ದೂ ಇಲ್ಲದಂತೆ, ಹಾಗಾಗಿ ಒಳಗಿನ ಸೂಜಿ ಹೊರಗಿನ ಕೈ ಹಿಂದೆಯೇ ಬಂತು. ತಿರುವಿನಲ್ಲಿ ಒಮ್ಮೆ ನಿಂತು, ಮತ್ತೆ ಕಿರ್ರ್ ಎಂದು ಹೊರಟು, ನಡುವಿನ ತೂತಿನಲ್ಲಿ ಮೂತಿ ತೋರಿಸಿತು. ದಾರ ಹಿಡಿದು ನಳಿಗೆ, ನಳಿಗೆ ಹಿಡಿದು ಕವಚ. ತಂಗಿ ಶಿಳ್ಳೆ ಹೊಡೆದಳು. ಮೂರು ದಿನದಲ್ಲಿ ಅದಕ್ಕಿಂತ ಖುಷಿಯ ಗಳಿಗೆ ಇನ್ನೊಂದಿರಲಿಲ್ಲ.

ಕವಚದ ಉದ್ದ ಕಾಗದದ ಮೇಲೆ ಗೊತ್ತಾಗುವುದಲ್ಲ. ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಬೇಕು. ಚಿಕ್ಕದಾದರೆ ತಿರುವಿನಲ್ಲಿ ತಂತಿ ತಾನೇ ಎಳೆದುಕೊಂಡು ಗೇರು ಬದಲಾಗುತ್ತದೆ. ಉದ್ದವಾದರೆ ಮುಂದೆ ಕುಣಿಕೆಯಾಗಿ ಗಾಳಿ ಹಿಡಿಯುತ್ತದೆ, ಎದ್ದು ತುಳಿಯುವಾಗ ಮೊಣಕಾಲಿಗೂ ತಾಗುತ್ತದೆ. ಬಾಗು ಬಿಗಿಯಾದರೆ ಒಳಗೆ ಉಜ್ಜಾಟ. ಆ ಉಜ್ಜಾಟ ಮೊದಲು ಗೊತ್ತಾಗುವುದು ಹಿಂದಿನ ಚಕ್ರದ ಸಣ್ಣ ಹಲ್ಲುಚಕ್ರಕ್ಕೆ ಇಳಿಸುವಾಗ. ದೊಡ್ಡದಕ್ಕೆ ಏರಿಸುವಾಗ ಹೆಬ್ಬೆರಳಿನ ಬಲವಿರುತ್ತದೆ, ಇಳಿಸುವಾಗ ತಂತಿಯನ್ನು ವಾಪಸು ಎಳೆದುಕೊಳ್ಳುವುದು ಡಿರೈಲರಿನ ಪುಟ್ಟ ಸ್ಪ್ರಿಂಗ್ ಮಾತ್ರ. ಅದಕ್ಕೇ ಕತ್ತರಿಸಿದ ಪ್ರತಿ ತುದಿಯನ್ನೂ ಅರದಿಂದ ಸಮ ಮಾಡಿ, ಮುಚ್ಚಿಹೋದ ಬಾಯನ್ನು ಅದೇ ಸೂಜಿಯಿಂದ ಬಿಡಿಸಿ, ಟೋಪಿ ತೊಡಿಸಿದೆ.

ಬೆಂಗಳೂರಿನವರು ಮುಂದಿನ ಬ್ರೇಕನ್ನು ಎಡಗೈಗೆ ಕೊಟ್ಟುಕೊಂಡಿದ್ದರು. ನಮ್ಮ ಮನೆಯ ಸೈಕಲ್ಲುಗಳಲ್ಲೆಲ್ಲ ಮುಂದಿನದು ಬಲಗೈಗೆ. ಇವಳು ಮೂರನೇ ಕ್ಲಾಸಿನಿಂದ ಹಾಗೇ ಹಿಡಿದವಳು. ಎದುರಿಗೆ ನಾಯಿ ಬಂದಾಗ ಯಾವ ಕೈ ಯಾವ ಚಕ್ರ ಎಂದು ಯೋಚಿಸಲು ಪುರುಸೊತ್ತಿರುವುದಿಲ್ಲ. ಎರಡೂ ಕೇಬಲ್ಲುಗಳನ್ನು ಅದಲು ಬದಲು ಮಾಡಿ ಎಳೆದೆ. ಇದರಿಂದ ಒಂದು ಬಾಗು ಸ್ವಲ್ಪ ಬಿಗಿಯಾಯಿತು. ಗಾಳಿಯ ಲೆಕ್ಕದಲ್ಲೂ ಉಜ್ಜಾಟದ ಲೆಕ್ಕದಲ್ಲೂ ಅದು ನಷ್ಟವೇ. ಇರಲಿ ಎಂದೆ.

ನನ್ನನ್ನು ಕಾಡಿದ್ದು ಬೇರೆ. ವೇಗದ ಸ್ಪರ್ಧೆಗಳೆಲ್ಲ ಅಪಾಯಕಾರಿ ಎನ್ನುವುದು ಹೌದು, ಆದರೆ ಗುಂಪಿನಲ್ಲಿ ಓಡುವ ರೋಡ್ ರೇಸುಗಳಲ್ಲಿ ಈ ಬಾರುಗಳನ್ನು ನಿಷೇಧಿಸಿರುವುದು ಸುಮ್ಮನಲ್ಲ. ಟೈಮ್ ಟ್ರಯಲ್ ಒಬ್ಬಂಟಿಯ ಆಟ, ದಾರಿ ಖಾಲಿ ಎಂಬ ನಂಬಿಕೆಯ ಮೇಲೆ ನಿಂತದ್ದು. ಸ್ಪರ್ಧೆಯ ದಿನ ಖಾಲಿ ಇರಬಹುದು. ಅಭ್ಯಾಸದ ದಿನ? ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ರಸ್ತೆಯ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಬೆಳಗಿನ ಕತ್ತಲಲ್ಲೇ ಹೊರಡುತ್ತವೆ. ಬೇಗ ಹೋಗು ಎಂದು ತಂಗಿಗೆ ಹೇಳುವ ಸಾಧನವನ್ನು ಅಕ್ಕನೇ ಕಟ್ಟಿಕೊಟ್ಟಳು ಎಂಬ ಮಾತು ಅವ್ವನ ಮುಖದಲ್ಲಿತ್ತು. ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನು ಉತ್ತರವನ್ನೂ ಕೊಡಲಿಲ್ಲ. ಉತ್ತರವೆಂದು ನನ್ನ ಬಳಿ ಇದ್ದದ್ದು ಸರಿಯಾಗಿ ಬಿಗಿದ ಎರಡು ಬ್ರೇಕುಗಳು ಮಾತ್ರ.

ನಾಲ್ಕನೆಯ ದಿನ ಬೆಳಕು ಪೂರ್ತಿ ಹರಿದ ಮೇಲೆ ಹೊರಟೆವು. ಅವಳು ಸೈಕಲ್ಲಿನಲ್ಲಿ, ನಾನು ಸ್ಕೂಟಿಯಲ್ಲಿ ಹಿಂದೆ. ಮೊದಲ ಅರ್ಧ ಗಂಟೆ ವೇಗದ ಮಾತೇ ಇಲ್ಲ ಎಂದು ಕರಾರು ಮಾಡಿಕೊಂಡಿದ್ದೆವು. ಮೆತ್ತೆಯಿಂದ ಬ್ರೇಕಿಗೆ, ಬ್ರೇಕಿನಿಂದ ಮೆತ್ತೆಗೆ ಕೈ ಒಯ್ಯುವುದಷ್ಟೇ ಪಾಠ. ನಾನು ಹಾರ್ನ್ ಹೊಡೆದಾಗೆಲ್ಲ ಅವಳು ಎದ್ದು ಹಿಡಿಗೆ ಕೈ ಹಾಕಬೇಕು. ಮೊದಮೊದಲು ಸೈಕಲ್ ಓಲಾಡುತ್ತಿತ್ತು. ಮೂವತ್ತು ಸಲ ಆದ ಮೇಲೆ ಓಲಾಟ ನಿಂತಿತು. ಆಮೇಲೆ ಅವಳು ಬೆನ್ನು ಬಗ್ಗಿಸಿ, ತಲೆಯನ್ನು ಭುಜಗಳ ನಡುವೆ ಇಳಿಸಿ ಹೊರಟಳು. ನನ್ನ ಸ್ಪೀಡೋಮೀಟರಿನ ಮುಳ್ಳು 40 ದಾಟಿತು. ಹಿಂದಿನಿಂದ ನೋಡಿದರೆ ನನ್ನ ತಂಗಿ ಕಾಣುತ್ತಲೇ ಇರಲಿಲ್ಲ, ತಿರುಗುವ ಎರಡು ಕಾಲುಗಳಷ್ಟೇ ಕಾಣುತ್ತಿದ್ದವು. ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡರಸ್ತೆಯಿಂದ ಮೂತಿ ಹಾಕಿತು. ನಾನು ಹಾರ್ನ್ ಒತ್ತುವ ಮೊದಲೇ ಅವಳ ಮೈ ಮೇಲೆದ್ದಿತ್ತು, ಕೈಗಳು ಕೊಂಬಿನ ಮೇಲಿದ್ದವು.

ಬದಿಗೆ ನಿಂತು ನೀರು ಕುಡಿದಳು. ಟ್ರ್ಯಾಕ್ಟರು ನಮ್ಮನ್ನು ದಾಟಿ ಹೋಯಿತು.

"ಅಕ್ಕಾ, ಎಡಗಡೆ ಪ್ಯಾಡ್ ಇನ್ನ ಐದು ಮಿಲಿಮೀಟರ್ ಒಳಗ ತಗೊ. ಮೊಳಕೈ ಜಾರತೈತಿ."

ಸ್ಕೂಟಿಯ ಡಿಕ್ಕಿಯಿಂದ ಅಲೆನ್ ಕೀ ತೆಗೆದೆ.