ಮೊದಲು ಜಾರುವುದು ಯಾವುದು

ರಾತ್ರಿ ಹನ್ನೊಂದು ದಾಟಿತ್ತು. ಮಳೆ ನಿಂತು ಅರ್ಧ ಗಂಟೆಯಾಗಿತ್ತು. ಪವಾಯಿ ಕೆರೆಯ ಪಕ್ಕದಲ್ಲಿ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡು ಒದ್ದೆಯಾಗಿ ಹೊಳೆಯುತ್ತಿತ್ತು, ಆದರೆ ನೀರು ನಿಂತಿರಲಿಲ್ಲ. ಮೆಟ್ರೋ ಕಾಮಗಾರಿಯ ತಗಡಿನ ಬೇಲಿ ಮುಗಿಯುವಲ್ಲಿ ರಸ್ತೆ ಸ್ವಲ್ಪ ಬಾಗುತ್ತದೆ. ಬೈಂದೂರು ಕಡೆಯ ಡ್ರೈವರ್ ಅಲ್ಲಿ ಗಂಟೆಗೆ 50 ಕಿಲೋಮೀಟರಿನಲ್ಲಿ ತಿರುಗಿಸಿ, ಎಂದಿನಂತೆ ಆಕ್ಸಿಲರೇಟರ್ ಸ್ವಲ್ಪ ಒತ್ತಿದರು. ಕಾರಿನ ಹಿಂಭಾಗ ಒಂದು ಗೇಣು ಆಚೆ ಸರಿದು ಮತ್ತೆ ಸಾಲಿಗೆ ಬಂತು. ಪಕ್ಕದಲ್ಲಿ ಕೂತಿದ್ದ ಸೇಠ್ ಫೋನಿನಿಂದ ತಲೆ ಎತ್ತಲಿಲ್ಲ. ಡ್ರೈವರ್ ಮಾತ್ರ ಮನೆ ತಲುಪುವವರೆಗೆ ಮೂವತ್ತರ ಮೇಲೆ ಹೋಗಲಿಲ್ಲ.

ಎರಡೇ ಸೀಟಿನ ಕಾರಿಗೂ ಡ್ರೈವರ್ ಇರುತ್ತಾರೆಯೇ ಎಂದು ಬೇರೆ ಊರಿನವರಿಗೆ ಅನ್ನಿಸಬಹುದು. ಮುಂಬಯಿಯಲ್ಲಿ ಇರುತ್ತಾರೆ. ಹೀರಾನಂದಾನಿ ಗಾರ್ಡನ್ಸಿನ ಒಂದು ಕಟ್ಟಡದ ಕೆಳಗೆ ವಾರದಲ್ಲಿ ಐದು ದಿನ ಹೊದಿಕೆ ಹೊದ್ದು ನಿಲ್ಲುವ ಆ ಹಳೆಯ ಪೋರ್ಷೆ ಬಾಕ್ಸ್‌ಸ್ಟರನ್ನು ಸರ್ವಿಸಿಗೆ ಒಯ್ಯುವವರು, ಬ್ಯಾಟರಿ ಸಾಯದಂತೆ ಒಂದು ಸುತ್ತು ತಿರುಗಿಸಿ ತರುವವರು ಇವರೇ. ಸೇಠ್ ಅವರ ಮಂಡಿನೋವು ಜಾಸ್ತಿಯಾದ ಮೇಲೆ ಸಂಜೆಯ ಓಡಾಟಕ್ಕೂ ಇವರೇ. ಇಪ್ಪತ್ತೆರಡು ವರ್ಷ ಈ ಊರಿನಲ್ಲಿ ಗಾಡಿ ಓಡಿಸಿದ್ದಾರೆ. ಎಂಜಿನ್ ಬೆನ್ನ ಹಿಂದೆ ಕೂತಿರುವ ಕಾರು ಹೇಗೆ ತಿರುಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ.

ಟೈರಿನ ಕತೆ ಶುರುವಾದದ್ದು ಏಪ್ರಿಲ್‌ನಲ್ಲಿ, ರಸ್ತೆ ಬದಿ ಚಾಚಿಕೊಂಡಿದ್ದ ಕಬ್ಬಿಣದ ತುಂಡಿನಿಂದ. ಹಿಂದಿನ ಬಲಗಡೆಯ ಟೈರಿನ ಪಕ್ಕೆ ಸೀಳಿತು. ಮೈ ಚುಚ್ಚಿದರೆ ಪಂಕ್ಚರ್ ಹಾಕಬಹುದು, ಪಕ್ಕೆ ಸೀಳಿದರೆ ಟೈರನ್ನೇ ಬಿಸಾಡಬೇಕು. ಈ ಕಾರಿಗೆ ಮುಂದೆ 235/40, ಹಿಂದೆ 265/40, ಎರಡೂ 18 ಇಂಚಿನ ರಿಮ್ಮಿಗೆ. ಅಂದರೆ ಮುಂದಿನದು ಹಿಂದಕ್ಕಾಗುವುದಿಲ್ಲ, ಹಿಂದಿನದು ಮುಂದಕ್ಕಾಗುವುದಿಲ್ಲ. ಸಾಲದ್ದಕ್ಕೆ ಪೋರ್ಷೆ ಕಂಪನಿ ತಾನು ಪರೀಕ್ಷಿಸಿ ಒಪ್ಪಿದ ಟೈರಿನ ಮೇಲೆ ‘ಎನ್’ ಅಕ್ಷರದ ಗುರುತು ಹಾಕಿಸುತ್ತದೆ. ಬಿಎಂಡಬ್ಲ್ಯು ನಕ್ಷತ್ರ ಹಾಕಿಸುತ್ತದೆ, ಮರ್ಸಿಡಿಸ್ ‘ಎಂಓ’ ಎಂದು ಬರೆಸುತ್ತದೆ. ಹೆಸರು, ಅಳತೆ ಒಂದೇ ಇದ್ದರೂ ಗುರುತು ಬೇರೆಯಾದರೆ ಒಳಗಿನ ರಬ್ಬರು, ಹೆಣಿಗೆ ಬೇರೆ ಇರಬಹುದು.

ಇಂಥ ಟೈರುಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬರಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ‘ಮುಕ್ತ’ ಪಟ್ಟಿಯಿಂದ ‘ನಿರ್ಬಂಧಿತ’ ಪಟ್ಟಿಗೆ ಸರಿಸಿತು. ತರಿಸುವವರು ಪರವಾನಗಿ ಪಡೆಯಬೇಕಾಯಿತು. ಇಲ್ಲಿನ ಕಾರ್ಖಾನೆಗಳನ್ನು ಕಾಯುವ ಉದ್ದೇಶವೇನೋ ಸರಿ. ಆದರೆ ಊರಿಗೆ ಹತ್ತಿಪ್ಪತ್ತು ಕಾರಿಗೆ ಮಾತ್ರ ಬೇಕಾಗುವ ಅಳತೆಯನ್ನು ಇಲ್ಲಿ ಯಾರೂ ಮಾಡಲು ಹೋಗುವುದಿಲ್ಲ. ಹಾಗಾಗಿ ಬೇಕಾದ ಟೈರು ಬೇಕಾದಾಗ ಸಿಗದೆ, ಸಿಕ್ಕಿದ್ದನ್ನು ಹಾಕಿಕೊಂಡು ಓಡುವ ದುಬಾರಿ ಕಾರುಗಳು ನಮ್ಮಲ್ಲಿವೆ.

ಅಂಗಡಿಯವನ ಬಳಿ 265/35 ಇತ್ತು. ‘ಅಗಲ ಅದೇ, ನಡೀತದೆ’ ಅಂದ. ಗೋಡೆಯ ಎತ್ತರ ಅಗಲದ 40 ಪಾಲಿನ ಬದಲು 35 ಪಾಲು, ಅಷ್ಟೇ. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರದಲ್ಲಿ 26 ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ. ಒಂದು ಹಿಂಚಕ್ರ ಇನ್ನೊಂದಕ್ಕಿಂತ ಸಣ್ಣದು! ಡ್ರೈವರ್ ಒಪ್ಪಲಿಲ್ಲ. ಕೊನೆಗೆ ಅಳತೆ ಸರಿಯಿದ್ದ, ಬೇರೆ ಕಂಪನಿಯ, ಹೆಚ್ಚು ಕಾಲ ಬಾಳಿಕೆ ಬರುವ ಗಟ್ಟಿ ರಬ್ಬರಿನ ಒಂದು ಟೈರು ಸಿಕ್ಕಿತು. ಒಂಬತ್ತು ದಿನ ಕಾರು ಹಿಂದೆ ಒಂದು ಹಳೆಯದು, ಒಂದು ಹೊಸದು ಇಟ್ಟುಕೊಂಡು ಓಡಿತು. ಆ ಒಂಬತ್ತು ದಿನ ಡ್ರೈವರಿಗೆ ನೆನಪಾದದ್ದು ಊರಿನ ಕಂಬಳ. ಜೋಡಿಯಲ್ಲಿ ಒಂದು ಕೋಣ ಸೋತರೆ ಓಟ ನಿಧಾನವಾಗುವುದು ಮಾತ್ರವಲ್ಲ, ಜೋಡಿಯೇ ಒಂದು ಬದಿಗೆ ತಿರುಗುತ್ತದೆ. ಇಲ್ಲೂ ಹಾಗೆಯೇ, ಜೋರಾಗಿ ಒತ್ತಿದಾಗ ಕಾರು ಎಡಕ್ಕೊಂದು ಥರ, ಬಲಕ್ಕೊಂದು ಥರ. ಅವರು ಹಟ ಹಿಡಿದ ಮೇಲೆ ಹಿಂದಿನ ಇನ್ನೊಂದು ಟೈರೂ ಅದೇ ಗಟ್ಟಿ ರಬ್ಬರಿನದಾಯಿತು. ಮುಂದಿನವು ಮಾತ್ರ ಮೊದಲಿನವೇ ಉಳಿದವು: ಮೆತ್ತನೆಯ ರಬ್ಬರಿನ, ಗೀರು ಮೂರು ಮಿಲಿಮೀಟರಿಗೆ ಇಳಿದ ಎರಡು ಟೈರು. ಕಾನೂನಿನ ಕನಿಷ್ಠ 1.6 ಮಿಲಿಮೀಟರ್, ಆದ್ದರಿಂದ ಯಾರೂ ತಪ್ಪು ಹೇಳುವಂತಿರಲಿಲ್ಲ.

ಸೇಠ್‌ಗೆ ಕಾರು ಮೊದಲಿಗಿಂತ ಚೆನ್ನಾಗಿದೆ ಅನ್ನಿಸಿತು. ಸ್ಟೇರಿಂಗ್ ಮುಟ್ಟಿದರೆ ಸಾಕು, ತಿರುಗುತ್ತದೆ ಎಂದು ಮಗನ ಹತ್ತಿರ ಹೊಗಳಿದರು. ಅವರಿಗೆ ಅನ್ನಿಸಿದ್ದು ಸುಳ್ಳಲ್ಲ. ಹಿಂದಿನ ಹಿಡಿತ ಕಮ್ಮಿಯಾದಾಗ ಮುಂದಿನದು ಚುರುಕಾದಂತೆ ಕಾಣುತ್ತದೆ. ಮೇ ತಿಂಗಳ ಒಣ ರಸ್ತೆಯಲ್ಲಿ ಅದು ಹೊಗಳಿಕೆಗೆ ತಕ್ಕ ಗುಣವೇ.

ಡ್ರೈವರಿನ ಅಕ್ಕನ ಮಗ ಐಐಟಿಯಲ್ಲಿ ಎಂ.ಟೆಕ್ ಓದುತ್ತಾನೆ. ಕೆರೆಯ ಆ ಬದಿಗೆ ಅವನ ಹಾಸ್ಟೆಲು, ಈ ಬದಿಗೆ ಇವರ ಕೆಲಸ. ಭಾನುವಾರ ಊಟಕ್ಕೆ ಬಂದವನ ಮುಂದೆ ವಿಷಯ ಎತ್ತಿದರು.

‘ಮಾಣಿ, ಕಾರ್ ಬಾಲ ಬೀಸತ್ತ್. ಎಂತಕ್ ಹೇಳ್ ಕಾಂಬ.’

‘ಮಾವ, ಬಾಲದ್ ಒಂದೇ ತಪ್ಪಲ್ಲ ಅದ್. ತಲೆಗೂ ಬಾಲಕ್ಕೂ ಹೊಂದಿಕೆ ತಪ್ಪಿತ್.’

ಅವನ ಹಾಸ್ಟೆಲಿನ ಗೆಳೆಯನೊಬ್ಬನಿಗೆ ರೇಸ್ ಕಾರಿನ ಹುಚ್ಚು. ಐಐಟಿ ಬಾಂಬೆ ರೇಸಿಂಗ್ ತಂಡದ ವಿದ್ಯಾರ್ಥಿಗಳು ವಿದ್ಯುತ್ ರೇಸ್ ಕಾರು ಕಟ್ಟಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ಗೆ ಒಯ್ದವರು. ಇಂಥ ಸ್ಪರ್ಧೆಯ ಕಾಲೇಜು ತಂಡಗಳಿಗಾಗಿಯೇ ಅಮೆರಿಕದ ಬಫಲೋ ನಗರದ ಕ್ಯಾಲ್‌ಸ್ಪ್ಯಾನ್ ಪ್ರಯೋಗಾಲಯದಲ್ಲಿ ಟೈರುಗಳನ್ನು ಯಂತ್ರದ ಮೇಲೆ ಓಡಿಸಿ ಅಳೆದ ಅಂಕಿಗಳ ಕಣಜವೇ ಇದೆ. ಗೆಳೆಯನಿಂದ ಕೇಳಿ ತಿಳಿದದ್ದನ್ನು ಹುಡುಗ ಊಟದ ತಟ್ಟೆಯ ಪಕ್ಕ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದ.

ತಿರುವಿನಲ್ಲಿ ಟೈರು ಮುಖ ಮಾಡಿದ ದಿಕ್ಕಿಗೇ ಉರುಳುವುದಿಲ್ಲ. ನೆಲ ಮುಟ್ಟುವ ಅಂಗೈಯಷ್ಟು ರಬ್ಬರು ಸ್ವಲ್ಪ ತಿರುಚಿಕೊಳ್ಳುತ್ತದೆ, ಟೈರು ಕೆಲವು ಡಿಗ್ರಿ ಓರೆಯಾಗಿ ಸಾಗುತ್ತದೆ. ಆ ಓರೆಯಿಂದಲೇ ಕಾರನ್ನು ತಿರುಗಿಸುವ ಬಲ ಹುಟ್ಟುವುದು. ಇದಕ್ಕೆ ಜಾರುಕೋನ ಅನ್ನಬಹುದು, ಆದರೆ ಹೆಸರು ದಾರಿ ತಪ್ಪಿಸುತ್ತದೆ, ಯಾಕೆಂದರೆ ಆಗಿನ್ನೂ ಟೈರು ಪೂರ್ತಿ ಜಾರಿರುವುದಿಲ್ಲ. ಓರೆ ಹೆಚ್ಚಿದಂತೆ ಬಲ ಹೆಚ್ಚುತ್ತದೆ, ಒಂದು ಮಿತಿಯವರೆಗೆ. ಅದನ್ನು ದಾಟಿದರೆ ಹಿಡಿತ ಇಳಿಯತೊಡಗುತ್ತದೆ. ಆ ಮಿತಿ ಎಲ್ಲಿದೆ, ಅದಕ್ಕೆ ಮೊದಲು ಬಲ ಎಷ್ಟು ಬೇಗ ಏರುತ್ತದೆ ಎನ್ನುವುದು ಟೈರಿನಿಂದ ಟೈರಿಗೆ ಬೇರೆ.

ಮುಂದಿನ ಟೈರು ಮೊದಲು ಮಿತಿ ತಲುಪಿದರೆ ಕಾರು ತಿರುಗದೆ ನೇರಕ್ಕೆ ಹೋಗುತ್ತದೆ. ಹಿಂದಿನದು ಮೊದಲು ತಲುಪಿದರೆ ಬಾಲ ಆಚೆ ಬರುತ್ತದೆ. ಮಾಮೂಲಿ ಕಾರುಗಳನ್ನು ಮುಂದಿನದು ಮೊದಲು ಸೋಲುವಂತೆಯೇ ಹೊಂದಿಸಿರುತ್ತಾರೆ, ಯಾಕೆಂದರೆ ಆಗ ಹೆದರಿದವನು ಮಾಡುವ ಕೆಲಸವೇ ಮದ್ದು: ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಮುಂಚಕ್ರಕ್ಕೆ ಹಿಡಿತ ಮರಳುತ್ತದೆ. ಹಿಂದಿನದು ಸೋತಾಗ ಅದೇ ಕೆಲಸ ವಿಷವಾಗುತ್ತದೆ. ಕಾಲು ತೆಗೆದ ಕೂಡಲೇ ಹಿಂಭಾಗ ಇನ್ನಷ್ಟು ಹಗುರಾಗಿ ಕಾರು ಗಿರಕಿ ಹೊಡೆಯಬಹುದು. ಹಿಡಿತ ಎಷ್ಟಿದೆ ಎನ್ನುವುದಕ್ಕಿಂತ ಯಾವುದು ಮೊದಲು ಬಿಡುತ್ತದೆ ಎನ್ನುವುದೇ ದೊಡ್ಡದು. ಕಾರು ಎಂಬುದರ ಬಗ್ಗೆ ಕೈಕಾಲುಗಳು ಕಲಿತಿರುವುದು ಈ ಅನುಕ್ರಮವನ್ನೇ.

ಇಷ್ಟೇ ಆಗಿದ್ದರೆ ಹೊಸ ಅನುಕ್ರಮವನ್ನೂ ಕಲಿತುಬಿಡಬಹುದಿತ್ತು. ಆದರೆ ಪವಾಯಿಯ ಜೂನ್ ಅದಕ್ಕೆ ಬಿಡುವುದಿಲ್ಲ. ರಸ್ತೆ ಬರೀ ಒದ್ದೆಯಾಗಿದ್ದಾಗ ರಬ್ಬರಿನ ಮೆತ್ತನೆ ಗುಣವೇ ಮುಖ್ಯ, ಹಾಗಾಗಿ ಗಟ್ಟಿ ರಬ್ಬರಿನ ಹಿಂಭಾಗ ಮೊದಲು ಜಾರಿತು. ಮಳೆ ಧೋ ಎಂದು ಸುರಿದು ನೀರು ನಿಂತಾಗ ಕತೆ ತಿರುಗುಮುರುಗು. ಆಗ ಬೇಕಾದ್ದು ನೀರನ್ನು ಹೊರಗೆ ತಳ್ಳುವ ಆಳದ ಗೀರು. ಅದು ಹಿಂದಿನ ಹೊಸ ಟೈರಿನಲ್ಲಿದೆ, ಮುಂದಿನ ಸವೆದ ಟೈರಿನಲ್ಲಿಲ್ಲ. ಅಗಲ ಟೈರು ಬೇರೆ, ನೀರಿನ ಮೇಲೆ ಬೇಗ ತೇಲುತ್ತದೆ. ಈಗ ಮುಂಭಾಗ ತೇಲಿ ಸ್ಟೇರಿಂಗ್ ಹಗುರಾಗುತ್ತದೆ. ಅರ್ಧ ಕಿಲೋಮೀಟರಿನೊಳಗೆ ಒದ್ದೆ ತಿರುವೂ ಇದೆ, ನೀರು ನಿಂತ ತಗ್ಗೂ ಇದೆ. ಒಂದೇ ಕಾರು ಒಂದು ಕಡೆ ಬಾಲ ಬೀಸುತ್ತದೆ, ಇನ್ನೊಂದು ಕಡೆ ಮೂತಿ ತಿರುಗಿಸಲು ಒಪ್ಪುವುದಿಲ್ಲ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಕಂಪ್ಯೂಟರ್ ಇದೆಯಲ್ಲ ಎಂದು ಸೇಠ್ ಕೇಳಿದ್ದರು. ಇದೆ. ಪ್ರತಿ ಚಕ್ರದ ವೇಗ, ಸ್ಟೇರಿಂಗಿನ ಕೋನ, ಕಾರು ತಿರುಗುತ್ತಿರುವ ರೀತಿ, ಎಲ್ಲವನ್ನೂ ನೋಡಿ ಅದು ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಬಹಳ ಸಲ ಪ್ರಾಣವನ್ನೂ ಉಳಿಸುತ್ತದೆ. ಆದರೆ ಅದರ ಲೆಕ್ಕವೂ ಕಾರ್ಖಾನೆ ನಿಗದಿ ಮಾಡಿದ ಬಗೆಯ ಟೈರನ್ನು ನಂಬಿ ಬರೆದದ್ದು. ಇಲ್ಲದ ಹಿಡಿತವನ್ನು ಅದು ಎಲ್ಲಿಂದಲೂ ತಂದುಕೊಡಲಾರದು.

ಗಾಳಿಯ ವಿಷಯವೂ ಹೀಗೆಯೇ. ಈ ಕಾರಿಗೆ ಮುಂದೆ ಕಡಿಮೆ, ಹಿಂದೆ ಹೆಚ್ಚು ಗಾಳಿ. ಪೆಟ್ರೋಲ್ ಬಂಕಿನ ಹುಡುಗ ಕೇಳುವುದಿಲ್ಲ, ನಾಲ್ಕಕ್ಕೂ 35 ತುಂಬುತ್ತಾನೆ. ಅಮೆರಿಕದಲ್ಲಿ 1960ರ ಮಾದರಿಯಾಗಿ ಬಂದ ಶೆವರ್ಲೆ ಕಾರ್ವೇರ್ ಹಿಂದೆ ಎಂಜಿನ್ ಇದ್ದ ಕಾರು. ಅದಕ್ಕೆ ಕಂಪನಿ ಹೇಳಿದ್ದು ಮುಂದೆ 15, ಹಿಂದೆ 26 ಪೌಂಡ್. ಬಾಲ ಬೀಸುವ ಸ್ವಭಾವವನ್ನು ಅಡಗಿಸಲು ಎಂಜಿನಿಯರುಗಳು ಈ ವ್ಯತ್ಯಾಸವನ್ನೇ ನೆಚ್ಚಿಕೊಂಡಿದ್ದರು. ನಾಲ್ಕಕ್ಕೂ ಒಂದೇ ಗಾಳಿ ಹಾಕಿದರೆ ಆ ಹೊಂದಿಕೆ ಹೋಯಿತು. ರಾಲ್ಫ್ ನೇಡರ್ 1965ರಲ್ಲಿ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನ ಮೇಲೆ. ಕಾರಿನ ಭದ್ರತೆಯನ್ನು ಗಾಳಿ ಹಾಕುವ ಹುಡುಗನ ನೆನಪಿನ ಮೇಲೆ ನಿಲ್ಲಿಸಿದ್ದು ಎಂಜಿನಿಯರಿಂಗ್ ಅಲ್ಲ, ಜೂಜು.

ಡ್ರೈವರಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದದ್ದು ಮುಂದಿನ ಟೈರನ್ನು ಒರೆಸುವಾಗ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮುಂದಿನವಕ್ಕೆ ಏಳು ವರ್ಷ ತುಂಬಿತ್ತು. ಓಡದೆ ನಿಂತ ಕಾರಿನಲ್ಲಿ ಗೀರು ಉಳಿಯುತ್ತದೆ, ರಬ್ಬರು ಮಾತ್ರ ಮುದಿಯಾಗುತ್ತದೆ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಸತ್ತ ಪೋರ್ಷೆ ಕರೇರಾ ಜಿಟಿಯ ಟೈರುಗಳಿಗೆ ಒಂಬತ್ತು ವರ್ಷವಾಗಿತ್ತು. ಅಪಘಾತಕ್ಕೆ ಕಾರಣ ಅತಿವೇಗ ಎಂದೇ ತನಿಖೆ ಹೇಳಿತು. ಹಳೆಯ ಟೈರು ಕಾರಿನ ನಡವಳಿಕೆಯನ್ನು ಬದಲಿಸಿರಬಹುದು ಎಂಬುದನ್ನೂ ಸೇರಿಸಿತು.

ಜುಲೈ ಮೊದಲ ವಾರ ಸೇಠ್ ಮಗ ಗೆಳೆಯನೊಂದಿಗೆ ಲೋಣಾವಳಕ್ಕೆ ಕಾರು ಒಯ್ಯುವುದಾಗಿ ಹೇಳಿದ. ಇಪ್ಪತ್ತಮೂರರ ಹುಡುಗ. ಸ್ಕೂಲ್ ಬಸ್ಸಿನ ಕಾಲದಿಂದ ಇವರ ಕಣ್ಣೆದುರೇ ಬೆಳೆದವನು. ಡ್ರೈವರ್ ಸೇಠ್ ಹತ್ತಿರ ಹೋಗಿ ನಿಂತರು. ಘಾಟಿಯಲ್ಲಿ ಈ ಟೈರು ಬೇಡ ಅಂದರು. ‘ಹಿಂದೆ ಹೊಸದೇ ಇದೆಯಲ್ಲ. ಹೊಸದು ಹಿಂದೆಯೇ ಇರಬೇಕು ಅಂತ ಎಲ್ಲರೂ ಹೇಳ್ತಾರೆ’ ಅಂದರು ಸೇಠ್. ಅದು ನಾಲ್ಕೂ ಒಂದೇ ಜಾತಿಯ ಟೈರಾಗಿದ್ದಾಗಿನ ಮಾತು ಎಂದು ವಿವರಿಸಲು ಹೋದರೆ ಹಿಂದಿಯಲ್ಲಿ ಮಾತು ಕೂಡಲಿಲ್ಲ. ಡ್ರೈವರ್ ಹೆದರುತ್ತಾರೆ ಎಂದು ಹುಡುಗ ನಕ್ಕ. ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಅವರು ಕೀಲಿ ಜೇಬಿನಲ್ಲಿಟ್ಟುಕೊಂಡು, ‘ನಾಳೆ ಆರು ಗಂಟೆಗೆ ನೀವು ಒಮ್ಮೆ ಬನ್ನಿ ಸಾಹೇಬ್, ಆಮೇಲೆ ನೀವು ಹೇಳಿದ ಹಾಗೆ’ ಅಂದರು.

ಬೆಳಗ್ಗೆ ಜಿನುಗು ಮಳೆ. ಕಾಲೋನಿಯ ಒಳರಸ್ತೆಯಲ್ಲಿ ಒಬ್ಬರೂ ಇರಲಿಲ್ಲ. ಸೇಠ್ ಪಕ್ಕದಲ್ಲಿ ಕೂತರು. ಅಗಲವಾದ ವೃತ್ತದಲ್ಲಿ ಡ್ರೈವರ್ 35ರ ವೇಗದಲ್ಲಿ ತಿರುಗಿಸುತ್ತ ಕಾಲನ್ನು ಸರಕ್ಕನೆ ತೆಗೆದರು. ಬಾಲ ಸರಿಯಿತು. ಸ್ಟೇರಿಂಗನ್ನು ಎದುರಿಗೆ ಕೊಟ್ಟು ನೇರ ಮಾಡಿದರು. ಸೇಠ್ ಬಾಗಿಲಿನ ಹಿಡಿ ಹಿಡಿದುಕೊಂಡಿದ್ದರು. ‘ಮೂವತ್ತೈದರಲ್ಲಿ?’ ಎಂದು ಕೇಳಿದರು. ‘ಹೌದು’ ಅಂದರು ಡ್ರೈವರ್. ಬೇರೆ ಮಾತಾಗಲಿಲ್ಲ.

ಎನ್ ಗುರುತಿನ ಹಿಂದಿನ ಟೈರು ಬರಲು ಎಷ್ಟು ತಿಂಗಳಾಗುವುದೋ ಯಾರಿಗೂ ಹೇಳಲಾಗಲಿಲ್ಲ. ಮುಂದಿನ ಎರಡನ್ನೂ ಹಿಂದಿನ ಗಟ್ಟಿ ರಬ್ಬರಿನ ಜಾತಿಗೇ ಬದಲಿಸಿದರು. ಲೆಕ್ಕಕ್ಕೆ ಕಾರಿನ ಒಟ್ಟು ಹಿಡಿತ ಕಡಿಮೆಯೇ ಆಯಿತು. ಆದರೆ ಈಗ ಅದು ಒಣ ರಸ್ತೆಯಲ್ಲೂ ಒದ್ದೆಯಲ್ಲೂ ಮುಂದಿನಿಂದಲೇ ಮೊದಲು ಬಿಡುತ್ತದೆ, ಅದೂ ಮುಂಚೆಯೇ ಸ್ಟೇರಿಂಗಿನಲ್ಲಿ ತಿಳಿಸಿ. ಕಾರು ಸಪ್ಪೆಯಾಯಿತು ಎಂದು ಹುಡುಗ ಗೊಣಗಿದ, ಆದರೂ ಲೋಣಾವಳಕ್ಕೆ ಹೋಗಿ ಬಂದ.

ತೆಗೆದ ಎರಡು ಟೈರು ಪಾರ್ಕಿಂಗಿನ ಕಂಬದ ಹಿಂದೆ ಒಂದರ ಮೇಲೊಂದು ಇವೆ. ವಾಚ್‌ಮನ್ ಮೇಲೊಂದು ಹಲಗೆ ಹಾಕಿಕೊಂಡು ಕೂರುತ್ತಾನೆ. ಡ್ರೈವರ್ ಗಾಳಿ ನೋಡಲು ಸ್ವಂತ ಗೇಜು ಕೊಂಡಿದ್ದಾರೆ. ಬಂಕಿನ ಹುಡುಗ ಪೈಪು ಹಿಡಿದು ಬಂದರೆ, ಮೊದಲು ಕೆಳಗಿಳಿದು ಯಾವ ಚಕ್ರಕ್ಕೆ ಎಷ್ಟು ಎಂದು ತಾವೇ ಹೇಳುತ್ತಾರೆ.