ಹಾಡು ಗೊತ್ತಿತ್ತು, ಹಾಡಿದವಳು ಗೊತ್ತಿರಲಿಲ್ಲ

ಸ್ಪೇನ್ ದೇಶದ ಲಘು ಸಂಗೀತ ನಾಟಕ ಸಾರ್ಸುವೇಲಾದ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡಲು ಹೋಗಿ ನಾನು ಮುಖಭಂಗ ಮಾಡಿಕೊಂಡವನು. ಸಿದ್ಧತೆ ಸಾಲದೆ ಹಾಗಾಯಿತು ಎನ್ನುವಂತಿಲ್ಲ. 17ನೇ ಶತಮಾನದಲ್ಲಿ ಅರಮನೆಯವರ ಮನರಂಜನೆಗೆಂದು ಕಾಲ್ದೆರೋನ್ ಬರೆದ ನಾಟಕಗಳು, 1856ರಲ್ಲಿ ಮ್ಯಾಡ್ರಿಡ್‌ನಲ್ಲಿ ಈ ಪ್ರಕಾರಕ್ಕೆಂದೇ ತೆರೆದ ರಂಗಮಂದಿರ, ಬಾರ್ಬಿಯೇರಿ, ಚಾಪಿ, ಬ್ರೆತೋನ್ ಮುಂತಾದ ಸಂಗೀತಗಾರರ ಹೆಸರು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಯಾವ ಹಾಡನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದನ್ನು ಮಾತ್ರ ನಾನು ವಿಚಾರಿಸಿಯೇ ಇರಲಿಲ್ಲ.

ನನಗೆ ಇದರ ಹುಚ್ಚು ಹಿಡಿದದ್ದು ಹಲವರಿಗೆ ಹಿಡಿದ ದಾರಿಯಲ್ಲೇ. 1990ರಲ್ಲಿ ರೋಮ್‌ನಲ್ಲಿ ನಡೆದ ಮೂವರು ಟೆನರ್‌ಗಳ ಕಛೇರಿಯಲ್ಲಿ ಪ್ಲಾಸಿದೊ ದೊಮಿಂಗೊ ಹಾಡಿದ ಒಂದು ಹಾಡು ಕಿವಿಗೆ ಬಿತ್ತು. ಅದು ಸೊರೊಸಾಬಲ್ 1936ರಲ್ಲಿ ರಂಗಕ್ಕೆ ತಂದ 'ಲಾ ತಾಬೆರ್ನೆರಾ ದೆಲ್ ಪುಯೆರ್ತೊ' ಎಂಬ ಸಾರ್ಸುವೇಲಾದ್ದು. ದೊಮಿಂಗೊ ಅವರ ತಂದೆ ತಾಯಿ ಇಬ್ಬರೂ ಸಾರ್ಸುವೇಲಾ ಕಲಾವಿದರು. ಮೆಕ್ಸಿಕೊದಲ್ಲಿ ಸ್ವಂತ ಕಂಪನಿ ಕಟ್ಟಿದ್ದವರು. ಅಲ್ಲಿಂದ ನಾನು ಸಿಕ್ಕ ಧ್ವನಿಮುದ್ರಿಕೆಗಳನ್ನೆಲ್ಲ ಕೂಡಿಹಾಕತೊಡಗಿದೆ. ನಮ್ಮ ಕಂಪನಿ ನಾಟಕಗಳಂತೆ ಇಲ್ಲೂ ಹಾಡಿನ ನಡುವೆ ಮಾತು ಬರುತ್ತದೆ. ಸ್ಪ್ಯಾನಿಷ್ ಬಾರದ ನನಗೆ ಆ ಮಾತು ಅಡ್ಡಿ ಎನಿಸುತ್ತಿತ್ತು. ಬಂದಾಗಲೆಲ್ಲ ಮುಂದಕ್ಕೆ ಓಡಿಸುತ್ತಿದ್ದೆ. ಕೆನೆ ತೆಗೆದಿಟ್ಟುಕೊಳ್ಳುವ ರಸಿಕತೆ ಎಂದು ಒಳಗೊಳಗೇ ಹೆಮ್ಮೆ ಬೇರೆ.

ಸಂಗೀತ ಕೇಳುವ ನಮ್ಮ ಗೆಳೆಯರ ಬಳಗ ಒಂದು ಸಂಜೆಯನ್ನು ನನಗೆ ಬಿಟ್ಟುಕೊಟ್ಟಿತು. ನಾನು ಕೆನೆಯನ್ನೇ ಬಡಿಸಿದೆ. ಒಂದು ಪೀಠಿಕೆ ಸಂಗೀತ, ಒಂದು ಟೆನರ್ ಹಾಡು, ಒಂದು ಯುಗಳ, ಆಮೇಲೆ ಕ್ಯಾಸ್ಟನೆಟ್‌ಗಳ ಚಟಪಟದೊಂದಿಗೆ ಹೆರೋನಿಮೊ ಹಿಮೆನೆಸ್‌ನ 'ಲಾ ಬೋದಾ ದೆ ಲೂಯಿಸ್ ಅಲೋನ್ಸೊ'ದ ಮಧ್ಯಂತರ ಸಂಗೀತ. ಕ್ಯಾಸ್ಟನೆಟ್‌ಗೆ ತಲೆಗಳು ತೂಗಿದವು. ಉಳಿದದ್ದಕ್ಕೆ ಜನ ಮರ್ಯಾದೆಗೆ ಕೂತಿದ್ದರು. ಆಗ 'ಲಾ ಗ್ರಾನ್ ವಿಯಾ'ದಿಂದ ಒಂದು ಹೆಣ್ಣು ದನಿಯ ಟ್ಯಾಂಗೊ ಹಾಕಿದೆ. ನಿಧಾನವಾಗಿ ತೂಗುವ ಲಯ, ನೊಂದಂತೆ ಎಳೆಯುವ ದನಿ. "ಒಂಟಿ ಹೆಣ್ಣಿನ ವಿರಹ" ಎಂದು ಘನ ಗಂಭೀರವಾಗಿ ಪರಿಚಯಿಸಿದೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೆಳೆಯರೊಬ್ಬರ ಜೊತೆ ಬಂದಿದ್ದ, ಸ್ಪ್ಯಾನಿಷ್ ಕಲಿತ ಹುಡುಗ.

"ಸರ್, ತಪ್ಪು ತಿಳ್ಕೋಬೇಡಿ. ಅವಳು ಮನೆಗೆಲಸದವಳು. ಮಾರ್ಕೆಟ್ಟಿನ ದುಡ್ಡಲ್ಲಿ ಹೇಗೆ ಕಮಿಷನ್ ಹೊಡೀತೀನಿ ಅಂತ ಹೇಳ್ತಿದಾಳೆ."

ಇಡೀ ಕೋಣೆ ನಕ್ಕಿತು. ಅಂದು ಅವರು ಮನಸಾರೆ ಖುಷಿಪಟ್ಟದ್ದು ಆ ಗಳಿಗೆಯಲ್ಲಿ ಮಾತ್ರ. "ಇನ್ನೊಮ್ಮೆ ಹಾಕಿ" ಎಂದರು. ಹಾಕಿದೆ. ಹುಡುಗ ಸಾಲು ಸಾಲಾಗಿ ಅರ್ಥ ಹೇಳಿದ. ಹಳ್ಳಿ ಬಿಟ್ಟು ಪೇಟೆ ಸೇರಿದ ಹುಡುಗಿ ತಿಕ್ಕುವುದು, ಬೇಯಿಸುವುದು, ಹೊಲಿಯುವುದು ಎಲ್ಲ ಕಲಿತಳು. ಇದರಿಂದೆಲ್ಲ ಉದ್ಧಾರವಾಗುವುದಿಲ್ಲ ಎಂದು ಕಂಡು ತನ್ನ ಅಂತಃಸಾಕ್ಷಿಯನ್ನೇ ಕೇಳಿದಳು. ಅದು ಕೊಟ್ಟ ಸಲಹೆ, ಕೈಯಾಡಿಸುವುದನ್ನು ಕಲಿ ಎಂಬುದು! ನಾನು ವಿರಹ ಎಂದುಕೊಂಡಿದ್ದ ಎಳೆತ ಅವಳ ಸೋಗು. ಆ ಸೋಗಿನಲ್ಲೇ ರಾಗದ ಸೊಗಸಿದೆ.

ಮನೆಗೆ ಬಂದು ಎರಡು ದಿನ ಧ್ವನಿಮುದ್ರಿಕೆಗಳ ಪೆಟ್ಟಿಗೆ ಮುಟ್ಟಲಿಲ್ಲ. ಆಮೇಲೆ ನಾಚಿಕೆ ಬಿಟ್ಟು ಅದೇ ಹುಡುಗನನ್ನು ಕರೆದೆ. ನಾಟಕದ ಪಠ್ಯವನ್ನು ಮುಂದಿಟ್ಟುಕೊಂಡು ಇಬ್ಬರೂ ಮೊದಲಿಂದ ಕೇಳತೊಡಗಿದೆವು.

'ಲಾ ಗ್ರಾನ್ ವಿಯಾ' 1886ರದು; ಚುಯೆಕಾ ಮತ್ತು ವಾಲ್ವೆರ್ದೆ ಜೋಡಿಯ ಸಂಗೀತ. ಮ್ಯಾಡ್ರಿಡ್‌ನ ಹಳೆಯ ಕೇರಿಗಳನ್ನು ಸೀಳಿ ದೊಡ್ಡ ರಸ್ತೆ ಮಾಡುತ್ತೇವೆಂದು ಆಡಳಿತದವರು ಹೊರಟಾಗ ಊರಿನ ಬೀದಿಗಳೇ ಪಾತ್ರಗಳಾಗಿ ರಂಗಕ್ಕೆ ಬಂದು ಗೊಣಗುತ್ತವೆ. ಮೂವರು ಜೇಬುಗಳ್ಳರು ತಮ್ಮ ಕಸುಬಿನ ಹಿರಿಮೆಯನ್ನು ಹೋತಾ ಕುಣಿತದ ಧಾಟಿಯಲ್ಲಿ ಹೊಗಳಿಕೊಳ್ಳುತ್ತಾರೆ. ಶೋಕಿಲಾಲನಿಗೆ ವಾಲ್ಟ್ಸ್, ನೃತ್ಯಶಾಲೆಗೆ ಶೋತಿಸ್. ನಿಜವಾದ ರಸ್ತೆಯ ಕೆಲಸ ಶುರುವಾದದ್ದು 1910ರಲ್ಲಿ. ಅಷ್ಟರಲ್ಲಿ ಹಾಡು ಹಳೆಯದಾಗಿತ್ತು.

ಆ ಕಾಲದ ರಂಗಮಂದಿರಗಳು ರಾತ್ರಿಯನ್ನು ಗಂಟೆಗೊಂದು ಆಟವಾಗಿ ಒಡೆದು, ಪ್ರತಿಯೊಂದಕ್ಕೂ ಬೇರೆ ಟಿಕೆಟ್ ಮಾರುತ್ತಿದ್ದವು. ಪೂರ್ತಿ ಸಂಜೆಯ ದುಡ್ಡಿಲ್ಲದವನೂ ಒಂದು ಆಟ ನೋಡಬಹುದಿತ್ತು. ಅಪೋಲೊ ರಂಗಮಂದಿರದ ನಾಲ್ಕನೆಯ ಆಟಕ್ಕಂತೂ ನಡುರಾತ್ರಿಯಲ್ಲೂ ಜನಜಂಗುಳಿ. ಗಂಟೆಯೊಳಗೆ ಕತೆ ಮುಗಿಯಬೇಕು, ಬೀದಿಯವನಿಗೆ ಬೀದಿಯ ಮಾತೇ ಬೇಕು. ಹಾಗಾಗಿ ಊರಿನಲ್ಲಿ ಕುಣಿಯುತ್ತಿದ್ದ ಕುಣಿತಗಳೆಲ್ಲ ನಾಟಕದೊಳಕ್ಕೆ ಬಂದವು. ಅರಗೋನ್ ಸೀಮೆಯ ಹೋತಾ, ಕ್ಯೂಬಾದಿಂದ ಹಡಗೇರಿ ಬಂದ ಹಬನೇರಾ, ಪೋಲೆಂಡಿನ ಮಜುರ್ಕಾ, ಯಾವುದಕ್ಕೂ ಮಡಿ ಮೈಲಿಗೆ ಇರಲಿಲ್ಲ.

ಅದೇ ಅಪೋಲೊದಲ್ಲಿ 1894ರ ಫೆಬ್ರವರಿಯಲ್ಲಿ ಬ್ರೆತೋನ್‌ನ 'ಲಾ ವೆರ್ಬೆನಾ ದೆ ಲಾ ಪಲೋಮಾ' ಬಂತು. ಆಗಸ್ಟ್ ತಿಂಗಳ ಜಾತ್ರೆಯ ರಾತ್ರಿ, ಸೆಕೆ. ಔಷಧಿ ಅಂಗಡಿಯ ಮುದುಕ ಹಿಲಾರಿಯೋನ್ ಗೆಳೆಯನೊಂದಿಗೆ ಭೇದಿ ಔಷಧಗಳ ಬಗ್ಗೆ ಹರಟುವುದೇ ನಾಟಕದ ಮೊದಲ ಹಾಡು. ಅವನ ಕಣ್ಣು ಇಬ್ಬರು ಅಕ್ಕತಂಗಿಯರ ಮೇಲೆ. ಅವರಲ್ಲಿ ಸುಸಾನಾಳನ್ನು ಪ್ರೀತಿಸುವ ಹೂಲಿಯಾನ್ ಅಚ್ಚುಮೊಳೆ ಜೋಡಿಸುವ ಹುಡುಗ. ಇಬ್ಬರೂ ಬೀದಿಯಲ್ಲಿ ಎದುರಾದಾಗಿನ ಹಬನೇರಾವನ್ನು ನಾನು ಇಂಪಾದ ಪ್ರೇಮಗೀತೆ ಎಂದೇ ಕೇಳಿಸಿದ್ದೆ. ಅದು ಜಗಳ. ಇಷ್ಟು ಸಿಂಗರಿಸಿಕೊಂಡು ಎಲ್ಲಿಗೆ ಹೊರಟೆ ಎಂದು ಅವನು ಕುಟುಕುತ್ತಾನೆ. ಅವಳು ಬೇಕೆಂದೇ ಉರಿಯುವ ಹಾಗೆ ಉತ್ತರ ಕೊಡುತ್ತಾಳೆ. ರಾಗ ಎಷ್ಟು ನಯವೋ ಮಾತು ಅಷ್ಟು ಮೊನಚು.

ದೊಮಿಂಗೊ ಹಾಡಿದ ಆ ಹಾಡಿನ ಮರ್ಮವೂ ಆಗ ತಿಳಿಯಿತು. ಹೆಂಡದಂಗಡಿ ನಡೆಸುವ ಮರೋಲಾಳ ಬಗ್ಗೆ ಬಂದರಿನ ಊರೆಲ್ಲ ಕೆಟ್ಟದಾಗಿ ಆಡಿಕೊಳ್ಳುವಾಗ, ನಾವಿಕ ಲೆಯಾಂದ್ರೊ ತಾನು ಅದನ್ನು ನಂಬಲಾರೆ ಎನ್ನುತ್ತಾನೆ. ಊರಿನ ಬಾಯಿ ಕೇಳದೆ ಆ ಹಾಡಷ್ಟನ್ನೇ ಕೇಳಿದರೆ, ಅವನು ಯಾರ ಎದುರು ನಿಂತಿದ್ದಾನೆಂಬುದೇ ಕಾಣುವುದಿಲ್ಲ.

ನಾನು ಅಡ್ಡಿ ಎಂದು ಬದಿಗೊತ್ತಿದ್ದ ಮಾತಿನಿಂದಲೇ ಒಂದೊಂದು ರಾಗಕ್ಕೂ ಮುಖ, ಕಸುಬು, ವಿಳಾಸ ಬರುವುದು. ಅದನ್ನು ಕಿತ್ತ ಮೇಲೆ ಉಳಿಯುವುದು ಒಂದಿಷ್ಟು ಇಂಪು. ಒಂದೂವರೆ ಗಂಟೆಯಲ್ಲಿ ಎಲ್ಲವೂ ಒಂದೇ ಥರ ಕೇಳಿಸತೊಡಗುವ ಇಂಪು. ಬಳಗದವರು ಆಕಳಿಸಿದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಆಮೇಲೊಂದು ಸಂಜೆ ಅದೇ ಜನರಿಗೆ 'ವೆರ್ಬೆನಾ'ವನ್ನು ಮಾತುಸಹಿತ ಪೂರ್ತಿ ಕೇಳಿಸಿದೆವು; ಅರ್ಥ ಹೇಳುವ ಕೆಲಸ ಹುಡುಗನದು, ಯಂತ್ರ ನಿಲ್ಲಿಸಿ ಹಾಕುವ ಕೆಲಸ ನನ್ನದು. ಮುದುಕನ ಭೇದಿ ಔಷಧದ ಹಾಡಿಗೆ ಜೋರು ನಗು. ಜಗಳದ ಹಬನೇರಾ ಮುಗಿಯುತ್ತಲೇ ಮುಂದಿನ ಸಾಲಿನ ಹಿರಿಯರು, "ಆ ಮುದುಕನಿಗೆ ಏನಾಯ್ತು, ಅದು ಹೇಳಿ ಮೊದಲು" ಎಂದರು.